ಮರ ಇಲ್ಲದ್ದಕ್ಕಲ್ಲ ಏದುಸಿರು

ನೇಪಾಳದ ಅನ್ನಪೂರ್ಣ ಬೇಸ್ ಕ್ಯಾಂಪಿಗೆ ಹೊರಟವರ ಬಾಯಲ್ಲಿ ಒಂದು ಮಾತು ಖಾಯಂ: "ಮೇಲೆ ಮರಗಳಿಲ್ಲ, ಅದಕ್ಕೇ ಆಕ್ಸಿಜನ್ ಕಡಿಮೆ." ಚೆನ್ನಾಗಿ ಓದಿದವರೂ ಹೀಗೇ ಹೇಳುತ್ತಾರೆ. ಇದು ಪೂರ್ತಿ ತಪ್ಪು.

ದಾರಿ ನೋಡಿದರೆ ಹಾಗೆ ಅನ್ನಿಸೋದು ಸಹಜವೇ. ಗುರುಂಗ್ ಸಮುದಾಯದವರ ಹಳ್ಳಿ ಛೋಮ್ರೋಂಗ್‌ನಲ್ಲಿ ಕಲ್ಲಿನ ಮೆಟ್ಟಿಲುಗಳು ಹೊಳೆಯವರೆಗೂ ಇಳಿಯುತ್ತವೆ, ಸೇತುವೆ ದಾಟಿ ಆಚೆ ಮತ್ತೆ ಹತ್ತಬೇಕು. ಆಮೇಲೆ ಮೋದಿ ಖೋಲಾ ನದಿಯ ಕಣಿವೆಯ ಕಾಡು: ಓಕ್, ರೋಡೋಡೆಂಡ್ರಾನ್, ಬಿದಿರು, ಮರದ ಮೈತುಂಬ ಪಾಚಿ. ದೇವರಾಲಿ ಎಂಬ ತಂಗುದಾಣ ದಾಟಿದರೆ ಬರೀ ಹುಲ್ಲು, ಬಂಡೆ. ಕೊನೆಗೆ 4130 ಮೀಟರ್ ಎತ್ತರದಲ್ಲಿ, ಸುತ್ತಲೂ ಹಿಮಶಿಖರಗಳು ನಿಂತ ದೊಡ್ಡ ತಗ್ಗು. ಮರ ಮುಗಿಯುವುದೂ ಏದುಸಿರು ಜೋರಾಗುವುದೂ ಹೆಚ್ಚುಕಡಿಮೆ ಒಟ್ಟಿಗೇ ಆಗುತ್ತದೆ. ಆದರೆ ಮರ ಬೆಳೆಯದಿರುವುದು ಚಳಿಗೆ. ನಮಗೆ ಉಸಿರು ಸಾಲದಿರುವುದು ಗಾಳಿಯ ಒತ್ತಡ ಇಳಿದಿದ್ದಕ್ಕೆ. ಥಾರ್ ಮರುಭೂಮಿಯಲ್ಲೂ ಮರ ಕಡಿಮೆ, ಅಲ್ಲಿ ಯಾರೂ ಏದುಸಿರು ಬಿಡೋದಿಲ್ಲ, ಅಲ್ವಾ?

ಬೇಸ್ ಕ್ಯಾಂಪಿನ ಗಾಳಿಯಲ್ಲೂ ಆಕ್ಸಿಜನ್ ಸುಮಾರು ಶೇ 21ರಷ್ಟಿದೆ, ಬೆಂಗಳೂರಿನಲ್ಲಿ ಇರುವಷ್ಟೇ. ಒಂದರ ಮೇಲೊಂದು ಪೇರಿಸಿದ ಹತ್ತಿ ಮೂಟೆಗಳಲ್ಲಿ ಕೆಳಗಿನದು ಅಪ್ಪಚ್ಚಿಯಾಗಿ ಮೇಲಿನದು ಉಬ್ಬಿಕೊಂಡೇ ಇರುವ ಹಾಗೆ, ಸಮುದ್ರಮಟ್ಟದ ಗಾಳಿ ಒತ್ತಿಕೊಂಡಿರುತ್ತದೆ, ಮೇಲಿನದು ಸಡಿಲ. 1648ರಲ್ಲೇ ಫ್ರೆಂಚ್ ವಿಜ್ಞಾನಿ ಪಾಸ್ಕಲ್‌ನ ಭಾವ ಪೆರಿಯೇ ಫ್ರಾನ್ಸಿನ ಬೆಟ್ಟವೊಂದಕ್ಕೆ ಪಾದರಸದ ಕೊಳವೆ ಹೊತ್ತೊಯ್ದು, ಮೇಲೆ ಪಾದರಸದ ಮಟ್ಟ ಇಳಿಯುವುದನ್ನು ಅಳೆದು ತೋರಿಸಿದ್ದ. 4130 ಮೀಟರಿನಲ್ಲಿ ಒತ್ತಡ ಸಮುದ್ರಮಟ್ಟದ ಸುಮಾರು ಶೇ 60 ಮಾತ್ರ. ಹಾಗಾಗಿ ಒಂದೊಂದು ಉಸಿರಿಗೆ ಸಿಗುವ ಆಕ್ಸಿಜನ್ನೂ ಅಷ್ಟೇ ಕಡಿಮೆ.

ಆಗ ದೇಹ ಮಾಡುವ ಕೆಲಸ ಇದೆಯಲ್ಲ, ಅದು ನಿಜಕ್ಕೂ ಅದ್ಭುತ. ಉಸಿರಾಟ ಜೋರಾಗುತ್ತದೆ. ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೊರಹೋಗಿ ರಕ್ತ ಕ್ಷಾರದ ಕಡೆ ವಾಲುತ್ತದೆ. ಮೆದುಳು ಉಸಿರಾಟ ನಡೆಸುವುದು ಮುಖ್ಯವಾಗಿ ಈ ಕಾರ್ಬನ್ ಡೈಆಕ್ಸೈಡ್ ನೋಡಿಕೊಂಡು. ಅದು ಕಡಿಮೆಯಾದರೆ ನಿದ್ದೆಯಲ್ಲಿ ಉಸಿರನ್ನೇ ನಿಲ್ಲಿಸಿಬಿಡುತ್ತದೆ! ಪಕ್ಕದಲ್ಲಿ ಮಲಗಿದವರ ಉಸಿರು ಕೆಲವು ಸೆಕೆಂಡು ನಿಂತು, ಆಮೇಲೆ ಒಮ್ಮೆಲೇ ಗಸಕ್ಕನೆ ಎಳೆದುಕೊಳ್ಳುವುದು ಇದರಿಂದಲೇ. ಇದನ್ನು ಸರಿಮಾಡುವುದು ಕಿಡ್ನಿ. ಕ್ಷಾರಗುಣದ ಬೈಕಾರ್ಬನೇಟನ್ನು ಮೂತ್ರದಲ್ಲಿ ಹೊರಹಾಕಿ ರಕ್ತವನ್ನು ಹದಕ್ಕೆ ತರುತ್ತದೆ, ಆದರೆ ಅದಕ್ಕೆ ದಿನಗಳೇ ಬೇಕು. ವೈದ್ಯರು ಕೊಡುವ ಡೈಮಾಕ್ಸ್ ಮಾತ್ರೆ ಇದೇ ಕೆಲಸವನ್ನು ಬೇಗ ಮಾಡಿಸುತ್ತದೆ.

ಕರ್ಪೂರ ಈ ಕೆಲಸ ಮಾಡುವುದಿಲ್ಲ. ಕರವಸ್ತ್ರದ ತುದಿಗೆ ಕಟ್ಟಿಕೊಂಡು ಮೂಸುತ್ತಾ ಹತ್ತುವವರು ಎಷ್ಟೊಂದು ಜನ! ಮೂಗಿನಲ್ಲಿ ತಂಪು ಗ್ರಹಿಸುವ ನರಗಳು ಕೆರಳಿ ಗಾಳಿ ಜಾಸ್ತಿ ಬಂದಂತೆ ಅನ್ನಿಸುತ್ತದೆ, ಅಷ್ಟೇ. ರಕ್ತದಲ್ಲಿ ಆಕ್ಸಿಜನ್ ಏರುವುದಿಲ್ಲ. ಹಾಯೆನಿಸಿತು ಅಂತ, ಎತ್ತರದ ಕಾಯಿಲೆಯ ಲಕ್ಷಣವಾದ ತಲೆನೋವು ಇಟ್ಟುಕೊಂಡೇ ಹತ್ತಿದರೆ ಜೀವಕ್ಕೇ ಕುತ್ತು.

3000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ದೇವರಾಲಿ 3200 ಮೀಟರ್. ಅಲ್ಲಿಂದ ಒಂದೇ ದಿನದಲ್ಲಿ ಬೇಸ್ ಕ್ಯಾಂಪಿಗೆ ಓಡಬೇಡಿ. ನಡುವೆ 3700 ಮೀಟರಿನ ಮಚ್ಛಪುಚ್ಛ್ರೆ ಬೇಸ್ ಕ್ಯಾಂಪಿನಲ್ಲಿ ಒಂದು ರಾತ್ರಿ ತಂಗಿ. ತಲೆನೋವು, ವಾಕರಿಕೆ ಹೆಚ್ಚಾಗಿ ನಡೆಯುವಾಗ ಕಾಲು ತಡವರಿಸಿದರೆ ಬೆಳಗಾಗಲಿ ಅಂತ ಕಾಯದೆ ಯಾರಾದರೂ ಜೊತೆಗಿದ್ದು ಕೆಳಗಿಳಿಸಬೇಕು.