ಪರ್ಮನೆಂಟ್ ಪ್ರೆಸ್: ಇಸ್ತ್ರಿ ಮಾಡದ ‘ಪ್ರೆಸ್’

1960–70ರ ದಶಕಗಳ ಅಮೆರಿಕದ ವಾಷಿಂಗ್ ಮಷೀನಿನ ಡಯಲ್ ಮೇಲೆ ಸಾಮಾನ್ಯವಾಗಿ ಮೂರು ಹೆಸರುಗಳು ಕಾಣುತ್ತವೆ: ರೆಗ್ಯುಲರ್, ಡೆಲಿಕೇಟ್, ಪರ್ಮನೆಂಟ್ ಪ್ರೆಸ್. ಮೊದಲೆರಡರ ಅರ್ಥ ಹೇಳಬೇಕಾಗಿಲ್ಲ. ಮೂರನೆಯದು ಮಾತ್ರ ದಾರಿ ತಪ್ಪಿಸುತ್ತದೆ. ಪ್ರೆಸ್ ಎಂದರೆ ನಮಗೆ ಇಸ್ತ್ರಿ. ಒಗೆದ ಬಟ್ಟೆಗೆ ಯಂತ್ರವೇ ಇಸ್ತ್ರಿಯನ್ನೂ ಹಾಕಿಕೊಡುತ್ತದೆ ಎಂದು ತಿಳಿಯುವುದು ಸಹಜ. ಆದರೆ ಯಂತ್ರ ಅಲ್ಲಿ ಮಾಡುವ ಮುಖ್ಯ ಕೆಲಸ ಇಸ್ತ್ರಿಗೆ ತದ್ವಿರುದ್ಧವಾದದ್ದು. ಅದು ಬಟ್ಟೆಯನ್ನು ತಣಿಸುತ್ತದೆ.

ಹೆಸರು ಯಂತ್ರದ್ದಲ್ಲ, ಬಟ್ಟೆಯದು. ಹತ್ತಿಯ ನಾರಿನೊಳಗೆ ಸೆಲ್ಯುಲೋಸ್‌ನ ಉದ್ದನೆಯ ಸರಪಳಿಗಳಿವೆ. ಅವನ್ನು ಹಿಡಿದಿಟ್ಟಿರುವ ಹೈಡ್ರೋಜನ್ ಬಂಧಗಳು ನೀರು ತಾಗಿದರೆ ಸಡಿಲವಾಗುತ್ತವೆ, ಒಣಗಿದಾಗ ಬಟ್ಟೆ ಹೇಗೆ ಮುದುಡಿದೆಯೋ ಹಾಗೆಯೇ ಮತ್ತೆ ಕೂಡಿಕೊಳ್ಳುತ್ತವೆ. ಸುಕ್ಕು ಹುಟ್ಟುವುದು ಹೀಗೆ. ಈ ಸರಪಳಿಗಳ ನಡುವೆ ನೀರಿಗೆ ಜಗ್ಗದ ರಾಸಾಯನಿಕ ಸೇತುವೆ ಕಟ್ಟಿದರೆ ಬಟ್ಟೆ ತನ್ನ ಆಕಾರವನ್ನು ನೆನಪಿಟ್ಟುಕೊಳ್ಳುತ್ತದೆ. ನ್ಯೂ ಆರ್ಲಿಯನ್ಸ್‌ನಲ್ಲಿದ್ದ ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ 1953ರಿಂದ ಕೆಲಸ ಮಾಡಿದ ರಸಾಯನ ವಿಜ್ಞಾನಿ ರೂತ್ ಬೆನೆರಿಟೊ ಅವರ ಸಂಶೋಧನೆ ಈ ದಾರಿಯಲ್ಲಿ ದೊಡ್ಡ ಹೆಜ್ಜೆ. ಅವರ ಹೆಸರು ಇನ್ನೂ ಹೆಚ್ಚು ಮನೆಗಳಲ್ಲಿ ಕೇಳಿಬರಬೇಕಿತ್ತು ಎಂದು ನನಗನ್ನಿಸುತ್ತದೆ.

1960ರ ದಶಕದಲ್ಲಿ ಉಡುಪು ತಯಾರಕರು ಇನ್ನೂ ಒಂದು ಉಪಾಯ ಮಾಡಿದರು. ಇಂಥ ಸೇತುವೆ ಕಟ್ಟುವ ರಾಳ (ರೆಸಿನ್) ಸವರಿದ ಬಟ್ಟೆಯಿಂದ ಮೊದಲು ಪ್ಯಾಂಟ್ ಹೊಲಿದು, ಕಾಲಿನ ಮುಂಭಾಗದ ಗೆರೆಯನ್ನು ಇಸ್ತ್ರಿಯಿಂದ ಕೂರಿಸಿ, ಆಮೇಲೆ ಇಡೀ ಉಡುಪನ್ನು ಬಿಸಿ ಓವನ್‌ನಲ್ಲಿ ಕಾಯಿಸಿದರು. ರಾಳ ಗಟ್ಟಿಯಾಗುತ್ತಿದ್ದಂತೆ ಗೆರೆಯೂ ನಿಂತಿತು. ಕಾರ್ಖಾನೆಯಲ್ಲಿ ಒಮ್ಮೆ ಹಾಕಿದ, ಮತ್ತೆ ಹಾಕಬೇಕಿಲ್ಲದ ಆ ಇಸ್ತ್ರಿಯೇ ‘ಪರ್ಮನೆಂಟ್ ಪ್ರೆಸ್’. 1964ರಲ್ಲಿ ಬಂದ ಲೆವೈಸ್ ಕಂಪನಿಯ ‘ಸ್ಟಾ-ಪ್ರೆಸ್ಟ್’ ಪ್ಯಾಂಟುಗಳು ಇದೇ ಕಾಲದವು. ರಾಳ ಹತ್ತಿಯ ನಾರನ್ನು ಪೆಡಸಾಗಿಸಿ ಮಡಿಕೆಗಳಲ್ಲಿ ಬೇಗ ಸವೆಯುವಂತೆ ಮಾಡುತ್ತಿದ್ದುದರಿಂದ ಪಾಲಿಯೆಸ್ಟರ್ ಬೆರೆಸುವುದು ರೂಢಿಯಾಯಿತು. ಅಂಥ ಬೆರಕೆಯ ನಂಟು ನಮ್ಮಲ್ಲೂ ಇದೆ. ಹಿರಿಯರು ಅದನ್ನು ಟೆರಿಕಾಟ್ ಎಂದು ನೆನೆಯುತ್ತಾರೆ.

ಇಂಥ ಬಟ್ಟೆಗೆ ದೊಡ್ಡ ಶತ್ರು ಕೊಳೆಯಲ್ಲ, ಬಿಸಿ ಮತ್ತು ಒತ್ತಡದ ಜೋಡಿ. ಪಾಲಿಯೆಸ್ಟರ್ ನಾರು ಸುಮಾರು 70–80 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಬಾಗುವ ಗುಣ ಪಡೆಯುತ್ತದೆ. ಆಗ ಅದನ್ನು ಹಿಂಡಿದರೆ, ಹಿಂಡಿದ ಆಕಾರವೇ ತಣಿಯುವಾಗ ಉಳಿದುಬಿಡುತ್ತದೆ. ತಂಬಿಗೆಯಲ್ಲಿ ಕೆಂಡ ತುಂಬಿ ಅಂಗಿಯ ಮೇಲೆ ಉಜ್ಜುತ್ತಿದ್ದವರು ಬಳಸಿದ್ದೂ ಬಿಸಿ ಮತ್ತು ಭಾರವನ್ನೇ. ಇಲ್ಲಿ ಅದೇ ಸೂತ್ರ ಬೇಡದ ಕಡೆ ಗೆರೆ ಹಾಕುತ್ತದೆ.

ಆದ್ದರಿಂದ ಡಯಲ್‌ನ ಈ ಭಾಗದಲ್ಲಿ ಒಗೆತ ಮುಗಿದ ಕೂಡಲೇ ಯಂತ್ರ ಬಟ್ಟೆಯನ್ನು ಹಿಂಡುವುದಿಲ್ಲ. ಬೆಚ್ಚಗಿನ ಸೋಪಿನ ನೀರಿನಲ್ಲಿ ಒಂದಷ್ಟನ್ನು ಹೊರಹಾಕಿ, ಆ ಜಾಗಕ್ಕೆ ತಣ್ಣೀರು ತುಂಬಿಕೊಂಡು ಮೆಲ್ಲಗೆ ಕದಡುತ್ತದೆ. ಬಟ್ಟೆ ತಣಿದ ಮೇಲೆಯೇ ತೊಟ್ಟಿ ಗಿರಗಿರನೆ ತಿರುಗುತ್ತದೆ. ಎರಡು ವೇಗದ ಮೋಟರ್ ಇರುವ ಹಲವು ಯಂತ್ರಗಳಲ್ಲಿ ಆ ತಿರುಗಾಟವೂ ನಿಧಾನ. ಇದನ್ನೆಲ್ಲ ನಡೆಸಲು ಯಾವ ಕಂಪ್ಯೂಟರ್ ಚಿಪ್ಪೂ ಇರಲಿಲ್ಲ. ಡಯಲ್ ಹಿಂದೆ ಗಡಿಯಾರದಷ್ಟು ನಿಧಾನವಾಗಿ ಚಲಿಸುವ ಪುಟ್ಟ ಮೋಟರ್, ಅದರೊಂದಿಗೆ ತಿರುಗುವ ಹಲ್ಲುಹಲ್ಲಿನ ಚಕ್ರಗಳು. ಆ ಹಲ್ಲುಗಳು ಸ್ವಿಚ್ಚುಗಳನ್ನು ತಳ್ಳಿ ನೀರಿನ ಕವಾಟ, ಪಂಪು, ಮೋಟರ್‌ಗಳನ್ನು ಸರದಿಯಂತೆ ಚಾಲೂ ಮಾಡುತ್ತವೆ. ಡಯಲ್ ಒತ್ತಿ ತಿರುಗಿಸಿ, ಹೊರಗೆಳೆದರೆ ಸಾಕು, ಕೆಲಸ ಶುರು. ಹಂತ ಬದಲಾಗುವಾಗ ಕೇಳುವ ಆ ‘ಟಕ್’ ಸದ್ದು ನನಗೆ ಇವತ್ತಿನ ಬೀಪ್‌ಗಿಂತ ಹೆಚ್ಚು ಇಷ್ಟ. ಒಳಗೆ ಏನೋ ನಿಜವಾಗಿ ಸರಿದದ್ದು ಕಿವಿಗೇ ತಿಳಿಯುತ್ತದೆ.

ಕೆಲಸ ಇಲ್ಲಿಗೆ ಅರ್ಧ ಮಾತ್ರ. ಒಂದೇ ಬಣ್ಣ, ಒಂದೇ ಬಗೆಯ ಫಲಕವಿರುವ ಡ್ರೈಯರ್ ಪಕ್ಕದಲ್ಲೇ ನಿಂತಿರುತ್ತಿತ್ತು. ಆ ಕಾಲದ ಆವಕಾಡೊ ಹಸಿರು ಜೋಡಿಗಳು ಪ್ರಸಿದ್ಧ. ಡ್ರೈಯರ್ ಮೇಲೂ ‘ಪರ್ಮನೆಂಟ್ ಪ್ರೆಸ್’ ಎಂಬ ಹೆಸರಿರುವುದು ಅಂದಕ್ಕಲ್ಲ. ಡ್ರೈಯರ್ ಮಧ್ಯಮ ಶಾಖದಲ್ಲಿ ಒಣಗಿಸಿ, ಕೊನೆಯ ಕೆಲವು ನಿಮಿಷ ಹೀಟರ್ ಆರಿಸಿ, ಬರೀ ಗಾಳಿ ಹಾಯಿಸುತ್ತಾ ಡ್ರಮ್ ಮಾತ್ರ ತಿರುಗಿಸುತ್ತದೆ. ಬಟ್ಟೆ ಉರುಳುತ್ತಲೇ ತಣಿಯುವುದರಿಂದ ಯಾವ ಮಡಿಕೆಗೂ ಕಚ್ಚಿಕೊಳ್ಳಲು ಬಿಡುವಿಲ್ಲ. ಮುಗಿದಾಗ ಗುರ್ರೆಂದು ಕೂಗುವ ಬಜರ್, ಬಟ್ಟೆ ರಾಶಿಬಿದ್ದು ಮುದುಡುವ ಮೊದಲು ತೆಗೆಯಿರಿ ಎಂದು ಕರೆಯುವುದಕ್ಕೆ. ವಾಷರ್‌ನಲ್ಲಿ ಜೋಪಾನವಾಗಿ ತಣಿಸಿದ ಅಂಗಿಯನ್ನು ಡ್ರೈಯರ್‌ನ ಅತಿಶಾಖಕ್ಕೆ ಹಾಕಿ, ಬಿಸಿಯಾಗಿಯೇ ಬಿಟ್ಟರೆ ಮೊದಲಿನ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತೆ.

ಅಮೆರಿಕದಲ್ಲಿ ಬಾಡಿಗೆ ಮನೆ ಹಿಡಿದ ಕನ್ನಡಿಗರಿಗೆ ನೆಲಮಾಳಿಗೆಯ ಯಂತ್ರಗಳ ಮೇಲೆ ಈ ಹೆಸರು ಇಂದಿಗೂ ಸಿಗುತ್ತದೆ, ಕೆಲವೊಮ್ಮೆ ‘ಪರ್ಮ್ ಪ್ರೆಸ್’ ಎಂದು ಮೊಟಕಾಗಿ. ನಮ್ಮ ಅಂಗಡಿಗಳ ಯಂತ್ರಗಳಲ್ಲಿ ಅದಕ್ಕೆ ಹತ್ತಿರವಾದುದು ‘ಸಿಂಥೆಟಿಕ್’ ಅಥವಾ ‘ಈಸಿ ಕೇರ್’. ಪಾಲಿಯೆಸ್ಟರ್ ಬೆರೆತ ಅಂಗಿ, ಆಫೀಸಿನ ಪ್ಯಾಂಟ್, ಶಾಲೆಯ ಸಮವಸ್ತ್ರಗಳಿಗೆ ಅದೇ ಸರಿ. ಟವೆಲ್ಲು, ಹಾಸಿಗೆ ಹೊದಿಕೆಗಳಿಗೆ ರೆಗ್ಯುಲರ್ ಸಾಕು.