ಹಿಮ್ಮಡಿ ಮುಟ್ಟಬೇಡಿ ಎಂದ ಮೂಳೆ ಡಾಕ್ಟರ್

ಹುಟ್ಟಿದ ಮಗುವಿನ ಪಾದ ಒಳಕ್ಕೆ ತಿರುಚಿಕೊಂಡಿದ್ದರೆ ನಮ್ಮಲ್ಲಿ ಮೊದಲು ವಿಚಾರಣೆಗೆ ನಿಲ್ಲುವವಳು ತಾಯಿ. ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಳಾ? ತರಕಾರಿ ಹೆಚ್ಚಿದಳಾ? ಕಾಲು ಮಡಚಿಕೊಂಡು ಮಲಗಿದಳಾ? ಆ ಒಂಬತ್ತು ತಿಂಗಳಲ್ಲಿ ಯಾವ ಗ್ರಹಣವೂ ಕಾಣದಿದ್ದರೆ ಶಾಪ, ನಾಗದೋಷ, ಹಿಂದಿನ ಜನ್ಮ ಅಂತ ಬೇರೆ ಕಾರಣಗಳು ಸಿದ್ಧವಾಗಿರುತ್ತವೆ. ಪಾದವನ್ನು ಡಾಕ್ಟರಿಗೆ ತೋರಿಸುವ ಮಾತು ಕೊನೆಗೆ ಬರುತ್ತದೆ.

ಗ್ರಹಣದ ವಾದ ನಿಲ್ಲುವುದಿಲ್ಲ ಅನ್ನಲು ಅವಳಿ ಮಕ್ಕಳೇ ಸಾಕು. ಒಂದೇ ಅಂಡದಿಂದ ಬಂದ ಅವಳಿಗಳಲ್ಲಿ ಒಂದು ಮಗುವಿಗೆ ಸೊಟ್ಟ ಪಾದವಿದ್ದರೆ ಇನ್ನೊಂದಕ್ಕೂ ಇರುವ ಸಾಧ್ಯತೆ ಹೆಚ್ಚುಕಮ್ಮಿ ಮೂರರಲ್ಲಿ ಒಂದು. ಬೇರೆ ಬೇರೆ ಅಂಡಗಳಿಂದ ಬಂದ ಅವಳಿಗಳಲ್ಲಿ ಅದು ನೂರಕ್ಕೆ ಮೂರರ ಆಸುಪಾಸು. ಎರಡೂ ಬಗೆಯ ಅವಳಿಗಳು ಬೆಳೆದದ್ದು ಒಬ್ಬಳೇ ತಾಯಿಯ ಒಂದೇ ಗರ್ಭದಲ್ಲಿ. ಗ್ರಹಣ ತಾಗಿದ್ದರೆ ಇಬ್ಬರಿಗೂ ಸಮನಾಗಿ ತಾಗಬೇಕಿತ್ತು, ಅಲ್ವಾ? ಇಲ್ಲಿ ಕೆಲಸ ಮಾಡುತ್ತಿರುವುದು ಮುಖ್ಯವಾಗಿ ವಂಶವಾಹಿಗಳು. ಗಂಡು ಮಕ್ಕಳಲ್ಲಿ ಇದು ಹೆಣ್ಣು ಮಕ್ಕಳಿಗಿಂತ ಸುಮಾರು ಎರಡು ಪಟ್ಟು ಜಾಸ್ತಿ. ತಾಯಿಯ ಸಿಗರೇಟು ಅಪಾಯವನ್ನು ಹೆಚ್ಚಿಸುತ್ತದೆ. ಚಂದ್ರನ ಪಾತ್ರ ಏನೂ ಇಲ್ಲ.

ಈ ಸೊಟ್ಟ ಪಾದಕ್ಕೆ ಡಾಕ್ಟರುಗಳು ಕ್ಲಬ್‌ಫುಟ್ ಅನ್ನುತ್ತಾರೆ. ಸುಮಾರು ಸಾವಿರ ಮಕ್ಕಳಲ್ಲಿ ಒಂದು ಮಗು ಹೀಗೆ ಹುಟ್ಟುತ್ತದೆ. ನಮ್ಮ ದೇಶದಲ್ಲಿ ವರ್ಷಕ್ಕೆ 2 ಕೋಟಿಗೂ ಹೆಚ್ಚು ಹೆರಿಗೆಯಾಗುತ್ತದೆ, ಲೆಕ್ಕ ನೀವೇ ಹಾಕಿ. ಮೂಗಿಗಿಂತ ಮೂಗುತಿ ಭಾರ ಅನ್ನುವಂಥ ಆಪರೇಶನ್‌ಗಳನ್ನು ದಶಕಗಳ ಕಾಲ ಈ ಮಕ್ಕಳಿಗೆ ಮಾಡಲಾಯಿತು. ಅಷ್ಟೆಲ್ಲ ಬೇಕಿಲ್ಲ, ಕೈ ಮತ್ತು ಪ್ಲಾಸ್ಟರ್ ಸಾಕು ಎಂದು ತೋರಿಸಿದವರು ಒಬ್ಬ ಶಸ್ತ್ರವೈದ್ಯರೇ. ಹೆಸರು ಇಗ್ನಾಸಿಯೋ ಪೊನ್ಸೆಟಿ.

ಪೊನ್ಸೆಟಿ ಹುಟ್ಟಿದ್ದು 1914ರಲ್ಲಿ, ಸ್ಪೇನಿನ ಮೆನೋರ್ಕಾ ದ್ವೀಪದಲ್ಲಿ. ತಂದೆ ಗಡಿಯಾರದ ಕೆಲಸದವರು. ಹುಡುಗ ಅಂಗಡಿಯಲ್ಲಿ ಕೂತು ಸಣ್ಣ ಸಣ್ಣ ಚಕ್ರಗಳನ್ನು ಜೋಡಿಸುತ್ತ ಬೆಳೆದ. ಬಾರ್ಸಿಲೋನಾದಲ್ಲಿ ವೈದ್ಯಕೀಯ ಓದಿ 1936ರಲ್ಲಿ ಕೊನೆಯ ಪರೀಕ್ಷೆ ಮುಗಿಸುವುದಕ್ಕೂ ಸ್ಪೇನಿನ ಅಂತರ್ಯುದ್ಧ ಶುರುವಾಗುವುದಕ್ಕೂ ಸರಿಹೋಯಿತು. ಕೆಲಸ ಕಲಿತದ್ದು ರಿಪಬ್ಲಿಕನ್ ಸೇನೆಯ, ಅಂದರೆ ಕೊನೆಗೆ ಸೋತ ಸರ್ಕಾರಿ ಪಕ್ಷದ ಸೇನೆಯ, ವೈದ್ಯನಾಗಿ. ಮುರಿದ ಕೈಕಾಲುಗಳಿಗೆ ಪ್ಲಾಸ್ಟರ್ ಹಾಕಿ ಹಾಕಿ ಕೈ ಪಳಗಿತು.

ಆ ಯುದ್ಧಕ್ಕೂ ಪ್ಲಾಸ್ಟರಿಗೂ ದೊಡ್ಡ ನಂಟಿದೆ. ಬಾರ್ಸಿಲೋನಾದ ಇನ್ನೊಬ್ಬ ಮೂಳೆ ತಜ್ಞ ಜೋಸೆಪ್ ಟ್ರುಯೇಟಾ, ಬಾಂಬ್ ದಾಳಿಯಲ್ಲಿ ಗಾಯಗೊಂಡವರ ಸತ್ತ ಮಾಂಸವನ್ನು ಕತ್ತರಿಸಿ ತೆಗೆದು, ಗಾಯವನ್ನು ಹೊಲಿಯದೆ ಪ್ಲಾಸ್ಟರಿನೊಳಗೆ ಮುಚ್ಚಿಬಿಡುತ್ತಿದ್ದರು. ವಾಸನೆ ಬರುತ್ತಿತ್ತು, ಆದರೆ ಕಾಲು ಉಳಿಯುತ್ತಿತ್ತು. ಯುದ್ಧ ಸೋತ ಮೇಲೆ ಅವರು ಇಂಗ್ಲೆಂಡಿಗೆ ಹೋದರು, ಮುಂದೆ ಆಕ್ಸ್‌ಫರ್ಡ್‌ನಲ್ಲಿ ಪ್ರೊಫೆಸರ್ ಆದರು. ಪೊನ್ಸೆಟಿ ಹಿಡಿದದ್ದು ಬೇರೆ ದಾರಿ. 1939ರ ಚಳಿಗಾಲದಲ್ಲಿ ಸುಮಾರು 40 ಗಾಯಾಳುಗಳನ್ನು ಹೇಸರಗತ್ತೆಗಳ ಮೇಲೆ ಹೇರಿಸಿ, ಕಳ್ಳಸಾಗಣೆದಾರರು ತೋರಿಸಿದ ದಾರಿಯಲ್ಲಿ ಪಿರನೀಸ್ ಬೆಟ್ಟ ದಾಟಿ ಫ್ರಾನ್ಸ್ ಸೇರಿದರು. ಅಲ್ಲಿಂದ ಮೆಕ್ಸಿಕೋ. ಒಂದು ಸಣ್ಣ ಊರಿನಲ್ಲಿ ಜ್ವರ, ಹೆರಿಗೆ, ಭೇದಿ ಎಲ್ಲ ನೋಡುವ ಡಾಕ್ಟರಾಗಿ ಸುಮಾರು ಎರಡು ವರ್ಷ ಇದ್ದರು.

ಅವರನ್ನು ಅಲ್ಲಿಂದ ಮುಂದಕ್ಕೆ ಕಳಿಸಲು ನೆರವಾದವರು ಮೆಕ್ಸಿಕೋದ ಮೂಳೆ ತಜ್ಞ ಹುವಾನ್ ಫರಿಲ್. ಚಿತ್ರಕಲೆಯ ಆಸಕ್ತರಿಗೆ ಈ ಹೆಸರು ಗೊತ್ತಿರಬಹುದು. ಮುಂದೆ ಫ್ರೀಡಾ ಕಾಹ್ಲೋ ಅವರ ಬೆನ್ನುಮೂಳೆಗೆ ಆಪರೇಶನ್ ಮಾಡಿದವರು ಇವರೇ, ಫ್ರೀಡಾ ಚಿತ್ರದಲ್ಲಿ ಇವರ ಮುಖವೂ ಇದೆ. 1941ರಲ್ಲಿ ಪೊನ್ಸೆಟಿ ಅಮೆರಿಕದ ಐಯೋವಾ ವಿಶ್ವವಿದ್ಯಾಲಯದಲ್ಲಿ ಆರ್ಥರ್ ಸ್ಟೈಂಡ್ಲರ್ ಅವರ ಕೈಕೆಳಗೆ ಸೇರಿದರು.

ಸ್ಟೈಂಡ್ಲರ್ ಕೊಟ್ಟ ಕೆಲಸ ತೀರಾ ಬೇಸರದ್ದು. ಹಿಂದೆ ಕ್ಲಬ್‌ಫುಟ್‌ಗೆ ಆಪರೇಶನ್ ಮಾಡಿಸಿಕೊಂಡ ಮಕ್ಕಳು ಈಗ ಹೇಗಿದ್ದಾರೆ ನೋಡಿ ಬಾ ಅಂದರು. ನೋಡಿದರೆ ಪಾದ ಸೆಡೆತುಕೊಂಡಿದೆ, ಬಲ ಇಲ್ಲ, ನಡೆದರೆ ನೋವು. ಆಪರೇಶನ್ ಆದ ದಿನ ನೆಟ್ಟಗೆ ಕಂಡಿದ್ದ ಪಾದವೇ ಅದು. ಚಾಕು ಹೋದ ಕಡೆಯೆಲ್ಲ ಗಟ್ಟಿ ಕಲೆ ಕಟ್ಟಿತ್ತು. ಒಂದು ಕಲೆಯನ್ನು ಬಿಡಿಸಲು ಇನ್ನೊಂದು ಆಪರೇಶನ್, ಅದರಿಂದ ಇನ್ನೊಂದು ಕಲೆ. ಫಲಿತಾಂಶ ನೋಡಲು ಇಪ್ಪತ್ತು ವರ್ಷ ಕಾಯುವ ತಾಳ್ಮೆ ಹೆಚ್ಚಿನವರಿಗೆ ಇರಲಿಲ್ಲ ಅಷ್ಟೆ.

ಪೊನ್ಸೆಟಿ ಪ್ರಯೋಗಾಲಯಕ್ಕೆ ಹೋದರು. ಸತ್ತು ಹುಟ್ಟಿದ ಶಿಶುಗಳ ಪಾದಗಳನ್ನು ಬಿಡಿಸಿ ನೋಡಿದರು. ಪಾದ ಅಲ್ಲಾಡುವಾಗ ಯಾವ ಮೂಳೆ ಎಲ್ಲಿ ಹೋಗುತ್ತದೆ ಅಂತ ಎಕ್ಸ್‌ರೇಯಲ್ಲಿ ಗಮನಿಸಿದರು. ಇಲ್ಲಿಂದ ಮುಂದಿನದು ನನಗೆ ತುಂಬ ಇಷ್ಟದ ಭಾಗ, ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಕಾಲಿನ ಗಿಣ್ಣಿನ ಒಳಗೆ ಟೇಲಸ್ ಅನ್ನುವ ಮೂಳೆ ಕೂತಿದೆ. ಅದಕ್ಕೆ ಒಂದೇ ಒಂದು ಸ್ನಾಯುವೂ ಅಂಟಿಕೊಂಡಿಲ್ಲ. ಮೊಣಕಾಲಿನ ಕೆಳಗಿನ ಎರಡು ಮೂಳೆಗಳ ತುದಿಗಳು ಅದನ್ನು ಎರಡೂ ಕಡೆಯಿಂದ ಹಿಡಿದುಕೊಂಡಿವೆ. ಉಳಿದ ಪಾದ, ಅಂದರೆ ಹಿಮ್ಮಡಿ ಮೂಳೆ ಮತ್ತು ಅದರ ಮುಂದಿನವು, ಟೇಲಸ್‌ನ ಕೆಳಗೆ ಮತ್ತು ಮುಂದೆ ಜೋಡಿಸಿಕೊಂಡು ಒಟ್ಟಿಗೆ ತಿರುಗುತ್ತವೆ. ಬೀಸುವ ಕಲ್ಲು ನೋಡಿದ್ದೀರಲ್ಲ? ನಡುವಿನ ಗೂಟ ಅಲ್ಲಾಡುವುದಿಲ್ಲ. ಅಂಚಿನ ಹಿಡಿ ಹಿಡಿದು ತಳ್ಳಿದರೆ ಮೇಲುಕಲ್ಲು ಪೂರ್ತಿ ಅದರ ಸುತ್ತ ಸುತ್ತುತ್ತದೆ. ಇಲ್ಲಿ ಟೇಲಸ್ ಗೂಟ, ಉಳಿದ ಪಾದ ಮೇಲುಕಲ್ಲು, ಪಾದದ ಮುಂಭಾಗವೇ ಹಿಡಿ. ಕ್ಲಬ್‌ಫುಟ್ ಅಂದರೆ ಈ ಮೇಲುಕಲ್ಲು ಒಳಕ್ಕೆ ಸುತ್ತಿ, ಅಲ್ಲೇ ಬಿಗಿದುಕೊಂಡಿದೆ.

ಹೊರಗಿನಿಂದ ನೋಡುವವರಿಗೆ ಹಿಮ್ಮಡಿ ಒಳಕ್ಕೆ ವಾಲಿದ್ದು ಕಾಣುತ್ತದೆ. ಯಾರಿಗಾದರೂ ಅದನ್ನು ಹೊರಕ್ಕೆ ತಳ್ಳೋಣ ಅನಿಸುತ್ತದೆ. ಪೊನ್ಸೆಟಿ ಹೇಳಿದ್ದು: ಹಿಮ್ಮಡಿ ಮುಟ್ಟಬೇಡಿ. ಟೇಲಸ್‌ನ ಹೊರಬದಿಗೆ ಒಂದು ಹೆಬ್ಬೆರಳು ಇಟ್ಟು ಗೂಟವನ್ನು ಭದ್ರ ಮಾಡಿ. ಇನ್ನೊಂದು ಕೈಯಲ್ಲಿ ಪಾದದ ಮುಂಭಾಗವನ್ನು ನಿಧಾನಕ್ಕೆ ಹೊರಕ್ಕೆ ತಿರುಗಿಸಿ. ಹಿಮ್ಮಡಿ ಮೂಳೆಯನ್ನು ಟೇಲಸ್‌ಗೆ ಸೇರಿಸುವ ಕೀಲು ಓರೆಯಾಗಿದೆ. ಹಾಗಾಗಿ ಅದು ಟೇಲಸ್ ಕೆಳಗೆ ಜಾರಿ ಹೊರಕ್ಕೆ ಹೋಗುವಾಗ ತಾನಾಗಿಯೇ ನೆಟ್ಟಗಾಗುತ್ತದೆ.

ಪ್ಲಾಸ್ಟರ್ ಹಾಕಿ ಸರಿಮಾಡುವ ಯೋಚನೆ ಹೊಸದೇನಲ್ಲ. ಹಿಪ್ಪೋಕ್ರಟೀಸನ ಕಾಲದ ಗ್ರೀಕರೂ ಹುಟ್ಟಿದ ಕೂಡಲೇ ಮೆಲ್ಲಗೆ ತಿದ್ದಿ ಪಟ್ಟಿ ಕಟ್ಟಲು ಹೇಳಿದ್ದರು. 20ನೇ ಶತಮಾನದಲ್ಲಿ ಅಮೆರಿಕದ ಹೈರಮ್ ಕೈಟ್ ಪ್ಲಾಸ್ಟರಿನ ದೊಡ್ಡ ಪ್ರಚಾರಕ. ಆದರೆ ಅವರ ಹೆಬ್ಬೆರಳು ಕೂತದ್ದು ಪಾದದ ಹೊರ ಅಂಚಿನ ನಡುವೆ, ಹಿಮ್ಮಡಿ ಮೂಳೆಯ ಮುಂತುದಿಯಲ್ಲಿ. ಅಂದರೆ ತಿರುಗಬೇಕಾದ ಕಲ್ಲನ್ನೇ ಒತ್ತಿ ಹಿಡಿದು ತಿರುಗಿಸಲು ಹೊರಟಂತೆ. ತಿಂಗಳುಗಟ್ಟಲೆ ಪ್ಲಾಸ್ಟರ್ ಹಾಕಿದರೂ ಅನೇಕ ಪಾದಗಳು ಬಗ್ಗಲಿಲ್ಲ. 'ಪ್ಲಾಸ್ಟರಿನಿಂದ ಆಗುವುದಿಲ್ಲ, ಕೊಯ್ಯಲೇಬೇಕು' ಅನ್ನುವ ನಂಬಿಕೆ ಗಟ್ಟಿಯಾಗಲು ಈ ಹೆಬ್ಬೆರಳಿನ ಜಾಗವೂ ಒಂದು ಕಾರಣ. ಒಂದೆರಡು ಸೆಂಟಿಮೀಟರಿನ ವ್ಯತ್ಯಾಸ!

ಇನ್ನೊಂದು ತಮಾಷೆ ಇದೆ. ಮೊದಲ ಪ್ಲಾಸ್ಟರ್ ಬಿದ್ದಾಗ ಪಾದ ಮೊದಲಿಗಿಂತ ಸೊಟ್ಟಗೆ ಕಾಣುತ್ತದೆ. ಅಪ್ಪ ಅಮ್ಮ ಗಾಬರಿಯಾಗುತ್ತಾರೆ. ಕ್ಲಬ್‌ಫುಟ್‌ನಲ್ಲಿ ಪಾದದ ಹಿಂಭಾಗಕ್ಕಿಂತ ಮುಂಭಾಗ ಕಡಿಮೆ ತಿರುಚಿಕೊಂಡಿರುತ್ತದೆ, ಅದಕ್ಕೇ ಅಂಗಾಲಿನಲ್ಲಿ ಆಳವಾದ ಗುಳಿ ಬೀಳುತ್ತದೆ. ಮೊದಲು ಹೆಬ್ಬೆರಳಿನ ಕಡೆಯ ಮೂಳೆಯನ್ನು ಎತ್ತಿ, ಮುಂಭಾಗವನ್ನು ಹಿಂಭಾಗದ ಸಾಲಿಗೆ ತರಬೇಕು. ಆಮೇಲೆ ಎರಡನ್ನೂ ಒಟ್ಟಿಗೆ ತಿರುಗಿಸಬಹುದು.

ಎಲುಬಿನಷ್ಟು ಗಟ್ಟಿ ಇರುವ ಈ ಪಾದ ಬಗ್ಗುವುದಾದರೂ ಹೇಗೆ? ಒಳಬದಿಯ ಲಿಗಮೆಂಟುಗಳು, ಅಂದರೆ ಮೂಳೆಗೆ ಮೂಳೆ ಕಟ್ಟಿರುವ ಪಟ್ಟಿಗಳು, ಕೊಲಾಜನ್ ಎಳೆಗಳಿಂದ ಆಗಿವೆ. ಎಳೆ ಮಗುವಿನಲ್ಲಿ ಈ ಎಳೆಗಳಲ್ಲಿ ನೆರಿಗೆಗಳಿವೆ. ಮೆಲ್ಲಗೆ ಎಳೆದರೆ ನೆರಿಗೆ ಬಿಚ್ಚಿಕೊಂಡು ಪಟ್ಟಿ ಸ್ವಲ್ಪ ಉದ್ದವಾಗುತ್ತದೆ. ಆ ಸ್ಥಿತಿಯಲ್ಲೇ ಪ್ಲಾಸ್ಟರ್ ಹಾಕಿ ಬಿಟ್ಟರೆ ಕೆಲವು ದಿನಗಳಲ್ಲಿ ಹೊಸ ಉದ್ದದಲ್ಲೇ ಮತ್ತೆ ನೆರಿಗೆ ಮೂಡುತ್ತದೆ. ಮುಂದಿನ ವಾರ ಮತ್ತೆ ಎಳೆಯಬಹುದು. ಜೋರಾಗಿ ಎಳೆದರೆ ಹರಿಯುತ್ತದೆ, ಕಲೆ ಕಟ್ಟುತ್ತದೆ, ಆಪರೇಶನ್ ಮಾಡಿದ ಕಥೆಯೇ ಆಗುತ್ತದೆ. ಇತ್ತ ಮಗುವಿನ ಪಾದದ ಮೂಳೆಗಳು ಬಹುಪಾಲು ಇನ್ನೂ ಮೃದ್ವಸ್ಥಿ. ಒತ್ತಡದ ದಿಕ್ಕು ಬದಲಾದರೆ ಅವುಗಳ ಆಕಾರವೂ ಬದಲಾಗುತ್ತ ಹೋಗುತ್ತದೆ. ಹುಟ್ಟಿದ ಮೊದಲ ವಾರಗಳಲ್ಲೇ ಬನ್ನಿ ಅನ್ನುವುದು ಇದಕ್ಕೇ.

ಲೆಕ್ಕ ಇಷ್ಟು. ವಾರಕ್ಕೊಂದರಂತೆ ಸಾಮಾನ್ಯವಾಗಿ ಐದಾರು ಪ್ಲಾಸ್ಟರ್, ತೊಡೆಯಿಂದ ಕಾಲ್ಬೆರಳವರೆಗೆ, ಮೊಣಕಾಲು ಮಡಚಿ. ಮೊಣಕಾಲ ಕೆಳಗೆ ಮಾತ್ರ ಹಾಕಿದರೆ ಒಳಗೆ ಕಾಲು ತಿರುಗಿ ತಿದ್ದುಪಡಿ ಕಳೆದುಹೋಗುತ್ತದೆ. ಕೊನೆಗೆ ಹಿಮ್ಮಡಿಯ ಹಿಂದಿನ ಅಕಿಲಿಸ್ ಟೆಂಡನ್, ಅಂದರೆ ಮೀನಖಂಡದ ಸ್ನಾಯುವನ್ನು ಹಿಮ್ಮಡಿ ಮೂಳೆಗೆ ಕಟ್ಟಿರುವ ಹುರಿ, ಒಂದು ಬಿಗಿಯಾಗಿ ಉಳಿದಿರುತ್ತದೆ. ಹೆಚ್ಚಿನ ಮಕ್ಕಳಲ್ಲಿ ಅದನ್ನು ಸಣ್ಣ ತೂತಿನ ಮೂಲಕ ಕತ್ತರಿಸಿ, ಮೂರು ವಾರದ ಕೊನೆಯ ಪ್ಲಾಸ್ಟರ್ ಹಾಕುತ್ತಾರೆ. ಅಷ್ಟರಲ್ಲಿ ಟೆಂಡನ್ ಬೇಕಾದ ಉದ್ದಕ್ಕೆ ಮತ್ತೆ ಬೆಳೆದಿರುತ್ತದೆ.

ಆ ಸಣ್ಣ ತೂತಿಗೂ ಒಂದು ಕಥೆ ಇದೆ. ಲಂಡನ್ನಿನ ವಿಲಿಯಂ ಜಾನ್ ಲಿಟಲ್‌ಗೆ ಚಿಕ್ಕಂದಿನಲ್ಲಿ ಪೋಲಿಯೋ ತಗುಲಿ ಎಡಪಾದ ಸೊಟ್ಟಗಾಗಿತ್ತು. ಆತ ಡಾಕ್ಟರಾದದ್ದೇ ಇದಕ್ಕೊಂದು ದಾರಿ ಸಿಗಬಹುದು ಅಂತ ಅನ್ನುತ್ತಾರೆ. ಜರ್ಮನಿಯ ಹ್ಯಾನೋವರಿನಲ್ಲಿ ಲೂಯಿ ಸ್ಟ್ರೋಮೆಯರ್ ಎಂಬವರು ಚರ್ಮವನ್ನು ದೊಡ್ಡದಾಗಿ ಸೀಳದೆ, ಸಣ್ಣ ರಂಧ್ರದಿಂದ ಟೆಂಡನ್ ಕತ್ತರಿಸುತ್ತಿದ್ದರು. ಆಗ ಅರಿವಳಿಕೆ ಇಲ್ಲ, ಕ್ರಿಮಿನಾಶಕ ಇಲ್ಲ. ಗಾಯ ಸಣ್ಣದಿದ್ದಷ್ಟೂ ಕೀವಿನ ಭಯ ಕಮ್ಮಿ. 1836ರಲ್ಲಿ ಲಿಟಲ್ ಅಲ್ಲಿಗೆ ಹೋಗಿ ತಮ್ಮ ಕಾಲನ್ನೇ ಒಡ್ಡಿದರು. ಗುಣವಾಗಿ ವಾಪಸು ಬಂದು ಲಂಡನ್ನಿನಲ್ಲಿ ಅದೇ ಶಸ್ತ್ರಚಿಕಿತ್ಸೆ ಶುರುಮಾಡಿದರು, ಮೂಳೆ ಆಸ್ಪತ್ರೆಯನ್ನೂ ಕಟ್ಟಿದರು. ಮುಂದೆ ಸೆರೆಬ್ರಲ್ ಪಾಲ್ಸಿಯನ್ನು, ಅಂದರೆ ಎಳವೆಯಲ್ಲೇ ಮಿದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕೆ ಸಿಗದಿರುವ ತೊಂದರೆಯನ್ನು, ಮೊದಲ ಬಾರಿಗೆ ವಿವರವಾಗಿ ಬರೆದವರೂ ಅವರೇ. ಬಹಳ ಕಾಲ ಅದಕ್ಕೆ ಲಿಟಲ್‌ನ ಕಾಯಿಲೆ ಅನ್ನುತ್ತಿದ್ದರು.

ಪೊನ್ಸೆಟಿ 1940ರ ದಶಕದ ಕೊನೆಗೆ ತಮ್ಮ ವಿಧಾನ ಶುರುಮಾಡಿ, 1963ರಲ್ಲಿ ಮೊದಲ ಪ್ರಬಂಧ ಪ್ರಕಟಿಸಿದರು. ಯಾರೂ ಕಿವಿಗೊಡಲಿಲ್ಲ. ಶಸ್ತ್ರವೈದ್ಯರ ಸಭೆಯಲ್ಲಿ ಹೊಸ ಆಪರೇಶನ್‌ಗೆ ಸಿಗುವ ಬೆಲೆ ಬರೀ ಕೈಚಳಕಕ್ಕೆ ಸಿಗುವುದಿಲ್ಲ. 1970 ಮತ್ತು 80ರ ದಶಕದಲ್ಲಂತೂ ಗಿಣ್ಣಿನ ಸುತ್ತ ಎಲ್ಲವನ್ನೂ ಬಿಡಿಸುವ ದೊಡ್ಡ ಆಪರೇಶನ್‌ಗಳು ಜಗತ್ತಿನ ತುಂಬ ಹಬ್ಬಿದವು. ಮಂತ್ರವಾದಿಗಳನ್ನು ಬೈಯುವುದು ಸುಲಭ. ಓದಿದವರೂ ಕಣ್ಣೆದುರಿನ ಪುರಾವೆ ನೋಡದೆ ಮೂವತ್ತು ವರ್ಷ ಕಳೆಯಬಲ್ಲರು.

ಪೊನ್ಸೆಟಿ 1984ರಲ್ಲಿ ನಿವೃತ್ತರಾಗಿ ಮತ್ತೆ ಕೆಲಸಕ್ಕೆ ಬಂದರು. 1995ರಲ್ಲಿ ಐಯೋವಾದ ಅವರ ಸಹೋದ್ಯೋಗಿಗಳು ಒಂದು ಲೆಕ್ಕ ಮುಂದಿಟ್ಟರು. ಮೂವತ್ತು ವರ್ಷ ಹಿಂದೆ ಈ ವಿಧಾನದಲ್ಲಿ ಚಿಕಿತ್ಸೆ ಪಡೆದ 45 ಜನರಲ್ಲಿ ಶೇ. 78 ಮಂದಿಯ ಪಾದಗಳು ಚೆನ್ನಾಗಿ ಅಥವಾ ಬಹಳ ಚೆನ್ನಾಗಿ ಕೆಲಸ ಮಾಡುತ್ತಿದ್ದವು. ಹುಟ್ಟಿನಿಂದ ಪಾದದ ತೊಂದರೆಯೇ ಇಲ್ಲದ 97 ಜನರನ್ನು ಅದೇ ಅಳತೆಯಲ್ಲಿ ಅಳೆದಾಗ ಬಂದದ್ದು ಶೇ. 85. ಇದರ ಜೊತೆಗೆ ಇಂಟರ್ನೆಟ್ ಬಂತು. ಅಪ್ಪ ಅಮ್ಮಂದಿರು ತಮ್ಮ ಮಕ್ಕಳ ಪಾದದ ಫೋಟೋ ಹಾಕಿ ಪರಸ್ಪರ ವಿಳಾಸ ಹೇಳತೊಡಗಿದರು. ಡಾಕ್ಟರುಗಳನ್ನು ಬದಲಾಯಿಸಿದ್ದು ಪ್ರಬಂಧಕ್ಕಿಂತ ಜಾಸ್ತಿ ಈ ತಾಯಂದಿರ ಹಟ. ಉಗಾಂಡದಲ್ಲಿ ಎಂಬಿಬಿಎಸ್ ಓದದ ಆರೋಗ್ಯ ಸಿಬ್ಬಂದಿಯೇ ಈ ಪ್ಲಾಸ್ಟರ್ ಕಲಿತು ಸಾವಿರಾರು ಮಕ್ಕಳನ್ನು ನಡೆಸಿದರು. ಪೊನ್ಸೆಟಿ ಇದನ್ನೆಲ್ಲ ನೋಡಿ, 2009ರಲ್ಲಿ 95ನೇ ವಯಸ್ಸಿನಲ್ಲಿ ತೀರಿಕೊಂಡರು.

ಈಗ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಇದೇ ವಿಧಾನ ಸಿಗುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಕ್ಲಬ್‌ಫುಟ್ ಚಿಕಿತ್ಸೆಯೂ ಸೇರಿದೆ. ಆದರೂ ಎಣ್ಣೆ ನೀವುವವರ ಹತ್ತಿರ ಹೋಗಿ ತಿಂಗಳು ಕಳೆಯುವವರು ಇದ್ದಾರೆ. 'ಪಕ್ಕದ ಮನೆ ಮಗುವಿಗೆ ಹಾಗೇ ಸರಿಹೋಯ್ತು' ಅನ್ನುತ್ತಾರೆ. ಆ ಮಾತಿನಲ್ಲಿ ಸುಳ್ಳಿಲ್ಲ. ಗರ್ಭದಲ್ಲಿ ಜಾಗ ಸಾಲದೆ ಸುಮ್ನೆ ಮಡಚಿಕೊಂಡ ಪಾದಗಳೂ ಇರುತ್ತವೆ. ಅವು ಕೈಯಲ್ಲಿ ಹಿಡಿದರೆ ಸಲೀಸಾಗಿ ನೆಟ್ಟಗಾಗುತ್ತವೆ, ಕೆಲವು ವಾರಗಳಲ್ಲಿ ತಾವೇ ಸರಿಹೋಗುತ್ತವೆ. ಹೆಸರು ಮಾತ್ರ ಎಣ್ಣೆಗೆ, ತಾಯತಕ್ಕೆ, ಹರಕೆಗೆ. ನಿಜವಾದ ಕ್ಲಬ್‌ಫುಟ್ ಹಾಗೆ ಬಗ್ಗುವುದಿಲ್ಲ.

ಚಿಕಿತ್ಸೆ ಈಗ ಜಾಸ್ತಿ ಕೈಕೊಡುವುದು ಪ್ಲಾಸ್ಟರ್ ಮುಗಿದ ಮೇಲೆ. ಎರಡು ಬೂಟುಗಳನ್ನು ಒಂದು ಪಟ್ಟಿಗೆ ಜೋಡಿಸಿದ ಬ್ರೇಸ್ ಕೊಡುತ್ತಾರೆ. ಮೊದಲ ಮೂರು ತಿಂಗಳು ಹೆಚ್ಚುಕಮ್ಮಿ ಇಡೀ ದಿನ, ಆಮೇಲೆ ನಾಲ್ಕು ವರ್ಷದವರೆಗೆ ರಾತ್ರಿ ಮತ್ತು ಮಧ್ಯಾಹ್ನದ ನಿದ್ದೆಯಲ್ಲಿ ಹಾಕಬೇಕು. ಪಾದ ನೋಡಲು ನೆಟ್ಟಗಿದೆ, ಮಗು ಓಡುತ್ತಿದೆ, ಅಜ್ಜಿಗೆ ಮೊಮ್ಮಗುವಿನ ಅಳು ಕೇಳಲಾಗುವುದಿಲ್ಲ. ಬೂಟು ಅಟ್ಟ ಸೇರುತ್ತದೆ. ಲಿಗಮೆಂಟಿನಲ್ಲಿ ಮತ್ತೆ ಬಿಗಿಯುವ ಒಲವು ಆ ವಯಸ್ಸಿನವರೆಗೂ ಇದ್ದೇ ಇರುತ್ತದೆ, ಹಾಗಾಗಿ ಬ್ರೇಸ್ ಬಿಟ್ಟ ಹೆಚ್ಚಿನ ಮಕ್ಕಳಲ್ಲಿ ಪಾದ ಮತ್ತೆ ಒಳಕ್ಕೆ ತಿರುಗುತ್ತದೆ. ಆಗಲೂ ಮೊದಲ ಮದ್ದು ಅದೇ ವಾರವಾರದ ಪ್ಲಾಸ್ಟರ್. ಮೂರು ವರ್ಷದ ಆಸುಪಾಸಿನಲ್ಲಿ ಮರುಕಳಿಸಿದರೆ ಮಾತ್ರ, ಪಾದವನ್ನು ಒಳಕ್ಕೆ ಎಳೆಯುವ ಒಂದು ಟೆಂಡನ್ ಅನ್ನು ಬಿಡಿಸಿ ಪಾದದ ಹೊರಬದಿಗೆ ಜೋಡಿಸುತ್ತಾರೆ. ಆ ಆಪರೇಶನ್‌ನಲ್ಲೂ ಕೀಲುಗಳನ್ನು ತೆರೆಯುವುದಿಲ್ಲ.