ಗಿನಿ ಪಿಗ್‌ಗೆ ಡಾಕ್ಟರ್ ಹುಡುಕುವಾಗ

1940ರ ಮೇ 25. ಆಕ್ಸ್‌ಫರ್ಡ್‌ನಲ್ಲಿ ವಿಜ್ಞಾನಿ ಹೊವರ್ಡ್ ಫ್ಲೋರಿ ಅವರ ತಂಡ ಎಂಟು ಚಿಕ್ಕ ಇಲಿಗಳಿಗೆ ಸಾಯುವಷ್ಟು ಬ್ಯಾಕ್ಟೀರಿಯಾ ಚುಚ್ಚಿತು. ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಬೆಳಗಾಗುವಷ್ಟರಲ್ಲಿ ಔಷಧಿ ಸಿಗದ ನಾಲ್ಕೂ ಸತ್ತಿದ್ದವು, ಸಿಕ್ಕಿದವು ಬದುಕಿದ್ದವು. ಅವತ್ತು ಕೈಗೆ ಸಿಕ್ಕಿದ್ದು ಗಿನಿ ಪಿಗ್ ಆಗಿದ್ದರೆ? ಪೆನಿಸಿಲಿನ್ ವಿಷ ಅಂತ ಮೂಲೆ ಸೇರುತ್ತಿತ್ತೋ ಏನೋ!

ಇಲಿ ಜಾತಿಯ ಸಾಕುಪ್ರಾಣಿಗಳಾದ ಗಿನಿ ಪಿಗ್ ಮತ್ತು ಹ್ಯಾಮ್‌ಸ್ಟರ್‌ಗಳ ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳು ತುಂಬಿರುತ್ತವೆ. ಪೆನಿಸಿಲಿನ್ ಅವನ್ನು ಸಾಯಿಸುತ್ತದೆ. ಖಾಲಿಯಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಮ್ ಎಂಬ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಕಾರುತ್ತದೆ. ಬೇಧಿ ಶುರುವಾಗಿ ಕೆಲವೇ ದಿನಗಳಲ್ಲಿ ಪ್ರಾಣಿ ಹೋಗಿಬಿಡುತ್ತದೆ. ನಾಯಿಗೆ ಧಾರಾಳವಾಗಿ ಬರೆದುಕೊಡುವ ಅಮಾಕ್ಸಿಸಿಲಿನ್ ಕೂಡ ಇದೇ ಮನೆತನದ್ದು. ಆದ್ದರಿಂದ ಡಾಕ್ಟರಿಗೆ ನನ್ನ ಮೊದಲ ಪ್ರಶ್ನೆ: 'ಗಿನಿ ಪಿಗ್‌ಗೆ ಬಾಯಿಗೆ ಅಮಾಕ್ಸಿಸಿಲಿನ್ ಹಾಕಬಹುದಾ?' ತಕ್ಷಣ 'ಬೇಡವೇ ಬೇಡ' ಅಂದರೆ ಅರ್ಧ ನಂಬಿಕೆ ಬಂತು. 'ಇರಿ, ನೋಡಿ ಹೇಳುತ್ತೇನೆ' ಅಂದರೂ ತಪ್ಪಿಲ್ಲ. 'ಅಯ್ಯೋ, ಎಲ್ಲಾ ಒಂದೇ' ಅಂದರೆ ಎದ್ದು ಬನ್ನಿ.

ಎರಡನೇ ಪ್ರಶ್ನೆ ಆಪರೇಷನ್‌ದು: 'ಹಿಂದಿನ ರಾತ್ರಿ ಗಿನಿ ಪಿಗ್‌ಗೆ ಉಪವಾಸ ಹಾಕಬೇಕಾ?' ನಾಯಿ, ಬೆಕ್ಕನ್ನು ಅದಕ್ಕೆ ಮೊದಲು ಹೊಟ್ಟೆ ಖಾಲಿ ಇಡಿಸುತ್ತಾರೆ, ವಾಂತಿ ಗಂಟಲಿಗೆ ಸಿಕ್ಕಬಾರದು ಅಂತ. ಇಲಿ ಜಾತಿಗೆ ವಾಂತಿ ಮಾಡಲು ಬರುವುದೇ ಇಲ್ಲ! ರಾತ್ರಿಯಿಡೀ ಉಪವಾಸ ಹಾಕಿದರೆ ಗಿನಿ ಪಿಗ್‌ನ ಕರುಳೇ ಕೆಲಸ ನಿಲ್ಲಿಸಬಹುದು.

ಮೇಜಿನ ಮೇಲೆ ಎಂಥ ತಕ್ಕಡಿ ಇದೆ ಅಂತಲೂ ಕಣ್ಣಾಡಿಸಿ. ಹ್ಯಾಮ್‌ಸ್ಟರ್ ತೂಕ ಸುಮಾರು 120 ಗ್ರಾಂ, ಅಂದರೆ ಒಂದು ದಪ್ಪ ಟೊಮೇಟೊ ಅಷ್ಟೇ. ನಾಯಿ ತೂಗುವ ತಕ್ಕಡಿಗೆ ಅದು ಲೆಕ್ಕಕ್ಕೇ ಬರಲ್ಲ. ಔಷಧಿಯ ಒಂದು ಹನಿ ಹೆಚ್ಚಾದರೂ ಜಾಸ್ತಿಯೇ, ಅಲ್ವಾ?

ಒಳ್ಳೆಯ ಡಾಕ್ಟರು ಬಂದ ಕೂಡಲೇ ಪ್ರಾಣಿಯನ್ನು ಎತ್ತಿಕೊಳ್ಳುವುದಿಲ್ಲ. ಮೊದಲು ಡಬ್ಬದೊಳಗೇ ಅದು ಹೇಗೆ ಉಸಿರಾಡುತ್ತದೆ, ಹೇಗೆ ಕೂತಿದೆ ಅಂತ ಸುಮ್ನೆ ನೋಡುತ್ತಾರೆ. ಬೇಟೆಗೆ ಸಿಕ್ಕುವ ಪ್ರಾಣಿ ಕಾಯಿಲೆಯನ್ನು ಬಚ್ಚಿಡುತ್ತದೆ, ಕೈಯಲ್ಲಿ ಹಿಡಿದರೆ ಇನ್ನೂ ಬಿಗಿಯಾಗುತ್ತದೆ. ಆಮೇಲೆ ಬಾಯಿ ತೆರೆಸುತ್ತಾರೆ. ಗಿನಿ ಪಿಗ್‌ಗೆ ದವಡೆ ಹಲ್ಲೂ ಜೀವನವಿಡೀ ಬೆಳೆಯುತ್ತದೆ. ಅದು ಬಾಗಿ ನಾಲಿಗೆಯನ್ನು ಕಟ್ಟಿಹಾಕಿದರೆ ಪಾಪ, ಹಸಿವಿದ್ದರೂ ತಿನ್ನಲಾಗದು. ಮುಂದಿನ ಹಲ್ಲು ಮಾತ್ರ ನೋಡಿದವರಿಗೆ ಇದು ಕಾಣದು. ಊಟದ ವಿಚಾರವನ್ನೂ ಕೆದಕಿ ಕೇಳುತ್ತಾರೆ. ನಮ್ಮ ಹಾಗೆ ಗಿನಿ ಪಿಗ್‌ಗೂ ಸಿ ವಿಟಮಿನ್ ಮೈಯಲ್ಲಿ ತಯಾರಾಗುವುದಿಲ್ಲ, ದೊಣ್ಣೆ ಮೆಣಸಿನಕಾಯಿಯಂಥದ್ದು ದಿನವೂ ಬೇಕು.

ಇದನ್ನೆಲ್ಲ ಪ್ರಾಣಿ ಚೆನ್ನಾಗಿರುವಾಗಲೇ ವಿಚಾರಿಸಿಡಿ. ಗಿನಿ ಪಿಗ್ ಊಟ ಬಿಟ್ಟ ದಿನ ಊರೆಲ್ಲ ಹುಡುಕಲು ಸಮಯ ಇರುವುದಿಲ್ಲ. ಫೋನ್ ಮಾಡಿದಾಗ ಆ ಕಡೆಯಿಂದ 'ಪಂಜರ ತೊಳೆಯಬೇಡಿ, ಹಿಕ್ಕೆ ನೋಡಬೇಕು, ಹಾಗೇ ತನ್ನಿ' ಅಂದರೆ ಆಟೋ ಹತ್ತಬಹುದು.